ಪಾಸೆಂಡಾಲದ ಖಾಲಿ ಬಾಂಬು

ಪಾಸೆಂಡಾಲ, 19 ನವೆಂಬರ್ 1990

ಶ್ರೀ ಡೆನ್ನಿಸ್ ಹೋಲ್ರಾಯ್ಡ್ ಅವರಿಗೆ,

ಮೊದಲ ಮಹಾಯುದ್ಧದ ಸಾಮಾನು ಕೂಡಿಡುವ ನಿಮ್ಮ ಕೂಟದ ಬಸ್ಸು ಚರ್ಚಿನ ತಿರುವು ದಾಟಿದ ಮೇಲೆ ಒಳಗೆ ಬಂದು ನೋಡಿದರೆ, ನನ್ನ ಕೆಫೆಯ ಗಲ್ಲಾದ ಹಿಂದಿನ ಮೂಲೆ ಬೋಳಾಗಿ ಕಾಣಿಸಿತು. ಅಪ್ಪನ ಬಾಂಬು ಅಲ್ಲೇ ನಿಂತಿರುತ್ತಿತ್ತು, ಅದರ ತಲೆಯ ಮೇಲೆ ಅಪ್ಪನ ಟೋಪಿ. ಈಗ ಟೋಪಿಯನ್ನು ಮೊಳೆಗೆ ತೂಗುಹಾಕಿದ್ದೇನೆ.

ದಿನಾ ಬೆಳಿಗ್ಗೆ ಬಂದು ಕಿಟಕಿಯ ಪಕ್ಕ ಕೂರುವ ಕಾಮೀಲ್ ಮುದುಕನನ್ನು ನೀವು ನೋಡಿದ್ದೀರಿ. ಬಂದವನೇ ಕೇಳಿದ, “ಎಲ್ಲಿ ಹೋಯ್ತವ್ವ, ನಿಮ್ಮಪ್ಪನ ಬಾಂಬು?” ಇಂಗ್ಲೆಂಡಿಗೆ ರಿಪೇರಿಗೆ ಹೋಗಿದೆ ಎಂದೆ. “ಅದೇನು ಗಡಿಯಾರಾನಾ ರಿಪೇರಿ ಮಾಡೋಕೆ? ಆ ಇಂಗ್ಲಿಷಿನೋರು ಕೊಡೋವಾಗ ಆಕಾಶದಿಂದ ಎಸೆದ್ರು, ತಗೊಂಡು ಹೋಗೋವಾಗ ಟೇಬಲ್ ಬಟ್ಟೇಲಿ ಸುತ್ಕೊಂಡು ಹೋದ್ರಾ?” ಎಂದ. ಆ ಟೇಬಲ್ ಬಟ್ಟೆ ನನ್ನದು, ಅದೂ ವಾಪಸು ಬರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬಾಂಬು, ಗ್ರೆನೇಡು ಕೂಡಿಡುವವರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. “ಸ್ವಲ್ಪ ತಿಕ್ಕಿ ತಂದುಕೊಡ್ತೀನಿ” ಎಂದು ಒಯ್ದವರು ಮರಳಿ ಈ ಕಡೆ ತಲೆಹಾಕಿಲ್ಲ. ಆದರೂ ನಿಮಗೆ ಕೊಟ್ಟೆ. ತುಕ್ಕು ಪುಡಿಪುಡಿಯಾಗಿ ನೆಲಕ್ಕೆ ಬೀಳುತ್ತಿತ್ತು, ದಿನಾ ಗುಡಿಸುವಾಗ ಅಪ್ಪನನ್ನೇ ಗುಡಿಸಿ ಹೊರಗೆ ಹಾಕಿದಂತಾಗುತ್ತಿತ್ತು. ಇನ್ನೊಂದು ಕಾರಣ, ಬಸ್ಸಿನಲ್ಲಿ ಬಂದ ಅಷ್ಟೂ ಜನರಲ್ಲಿ ಮುಟ್ಟುವ ಮೊದಲು “ಮುಟ್ಟಲಾ?” ಎಂದು ಕೇಳಿದವರು ನೀವೊಬ್ಬರೇ.

ಅಪ್ಪ ಹೋದದ್ದು ಕಳೆದ ಈಸ್ಟರ್‌ನಲ್ಲಿ. ಬರುವ ಈಸ್ಟರ್‌ಗೆ ಅದು ತನ್ನ ಮೂಲೆಯಲ್ಲಿರಬೇಕು. ಅಂಚೆಯಲ್ಲಿ ಕಳಿಸುವ ವಸ್ತುವಲ್ಲ, ನೀವೇ ತರಬೇಕು. ಬಾಂಬು ಖಾಲಿಯಿದೆ ಎಂದು ನಮ್ಮ ಸೇನೆಯವರು ಅಪ್ಪನಿಗೆ ಬರೆದುಕೊಟ್ಟ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ತರುವಾಗ ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಿ.

ಹಿಲ್ಡ ಬೂಡ್ರಿ

ಹ್ಯಾಲಿಫ್ಯಾಕ್ಸ್, 2 ಡಿಸೆಂಬರ್ 1990

ಶ್ರೀಮತಿ ಬೂಡ್ರಿ ಅವರಿಗೆ,

ಬಾಂಬು ಕ್ಷೇಮವಾಗಿದೆ. ಟೇಬಲ್ ಬಟ್ಟೆಯನ್ನು ನನ್ನ ಅಕ್ಕ ಎನಿಡ್ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ನಾವಿಬ್ಬರೇ ಈ ಮನೆಯಲ್ಲಿರುವುದು. ನನ್ನ ಹೆಂಡತಿ ಬಹಳ ಹಿಂದೆಯೇ ಬೇರೆ ದಾರಿ ನೋಡಿಕೊಂಡಳು. “ನಿನ್ನ ಮೈಯಿಂದ ಸದಾ ತುಕ್ಕಿನ ವಾಸನೆ” ಎನ್ನುತ್ತಿದ್ದಳು, ಅದು ಸುಳ್ಳೇನಲ್ಲ.

ಸದ್ಯ ನಿಮ್ಮ ತಂದೆಯವರ ಬಾಂಬು ನಮ್ಮ ಹಿತ್ತಲಿನ ಶೆಡ್ಡಿನಲ್ಲಿ, ವಾಷಿಂಗ್ ಸೋಡಾ ಕದಡಿದ ನೀರಿನ ತೊಟ್ಟಿಯಲ್ಲಿ ಮುಳುಗಿದೆ. ಬ್ಯಾಟರಿ ಚಾರ್ಜರಿನ ಒಂದು ತಂತಿಯನ್ನು ಅದಕ್ಕೂ ಇನ್ನೊಂದನ್ನು ಹಳೆಯ ಕಬ್ಬಿಣದ ತಗಡಿಗೂ ಸಿಕ್ಕಿಸಿದರೆ ತುಕ್ಕು ತಾನಾಗಿ ಬಿಡುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜುವವರು ಆತುರಗಾರರು, ಅವರು ತುಕ್ಕಿನ ಜೊತೆ ಲೋಹವನ್ನೂ ತಿಂದುಬಿಡುತ್ತಾರೆ. ಬಾಂಬಿನ ಚೆಂಡಿನಂಥ ಭಾಗದಿಂದ ಅದರ ಕಬ್ಬಿಣದ ಕೋಲು ಕಳಚಿ ಬಂತು. ಸಿಪಾಯಿಗಳು ಇದನ್ನು ಪಾಕ ಹಾಕಿದ ಸೇಬು ಎಂದು ಕರೆಯುತ್ತಿದ್ದರು, ಜಾತ್ರೆಯಲ್ಲಿ ಕಡ್ಡಿಗೆ ಚುಚ್ಚಿ ಮಾರುತ್ತಾರಲ್ಲ, ಹಾಗಿದೆ ಎಂದು. ಕೋಲು ಕೂರುವ ಗುಂಡಿಯ ಒಳಗೆ ಹಳೆಯ ಬಣ್ಣದ ಒಂದು ಚಕ್ಕೆ ಸಿಕ್ಕಿತು, ಮಾಸಲು ಬಿಳಿ. ಅದನ್ನು ನೋಡಿ ನನಗಾದ ಸಂತೋಷ ಎನಿಡ್ ಅಕ್ಕನಿಗೆ ಅರ್ಥವಾಗಲಿಲ್ಲ. “ಲೋ ಡೆನ್ನಿ, ಮಗು ಹುಟ್ಟಿದ ಹಾಗೆ ಕುಣೀತೀಯಲ್ಲೋ” ಎಂದಳು.

ನಾನು ಬಸ್ ಡಿಪೋದಲ್ಲಿ ಬಣ್ಣ ಹೊಡೆಯುವವನು. ಬಣ್ಣಕ್ಕೆ ಬಣ್ಣ ಕೂಡಿಸುವುದನ್ನು ನನಗೆ ಬಿಡಿ. ಕಾರ್ಖಾನೆಯ ಬಾಗಿಲಿನಿಂದ ಹೊರಬಿದ್ದ ದಿನ ಅದು ಹೇಗಿತ್ತೋ ಹಾಗೇ ಮಾಡಿ ನಿಮ್ಮ ಕೈಗೆ ಕೊಡುತ್ತೇನೆ. ಎಲ್ಲೂ ಒಂದು ಕಲೆ, ಒಂದು ಗೀರು ಇರುವುದಿಲ್ಲ.

ನಿಮ್ಮ ಕೆಫೆಯಲ್ಲಿ ನನ್ನನ್ನು ಒಲೆಯ ಪಕ್ಕ ಕೂರಿಸಿ ಸೂಪು ಕೊಟ್ಟಿರಿ. ಉಳಿದವರಿಗೆ ಬಿಯರ್ ಮಾತ್ರ ಸಿಕ್ಕಿತು ಎಂದು ಆಮೇಲೆ ಬಸ್ಸಿನಲ್ಲಿ ತಿಳಿಯಿತು.

ಡೆನ್ನಿಸ್ ಹೋಲ್ರಾಯ್ಡ್

ಪಾಸೆಂಡಾಲ, 20 ಜನವರಿ 1991

ಡೆನ್ನಿಸ್ ಅವರೆ,

ಕ್ರಿಸ್‌ಮಸ್ ಹೋಯಿತು, ಹೊಸ ವರ್ಷವೂ ಬಂತು, ಆ ಪತ್ರದ ಮೇಲೆ ನಿಮ್ಮಿಂದ ಒಂದು ಸಾಲಿಲ್ಲ. ಸೂಪು ಉಳಿದಿತ್ತು, ಅದಕ್ಕೇ ಕೊಟ್ಟೆ. ಜಾಸ್ತಿ ಅರ್ಥ ಹಚ್ಚಬೇಡಿ.

ಈ ತಿಂಗಳು ಇಲ್ಲಿಗೆ ಯಾರೂ ಬರುವುದಿಲ್ಲ. ಸಿಪಾಯಿಗಳ ಗೋರಿ ನೋಡಲು ಬರುವವರೆಲ್ಲ ಬೆಚ್ಚಗೆ ತಮ್ಮ ಮನೆಯಲ್ಲಿರುತ್ತಾರೆ. ಕಾಮೀಲ್ ಬಂದು ಒಂದು ಲೋಟ ಕುಡಿದು ಬೀಟ್‌ರೂಟ್ ಬೆಲೆಗೆ ಬೈದು ಹೋಗುತ್ತಾನೆ. ಆಮೇಲೆ ಸಂಜೆಯವರೆಗೆ ಲೋಟಗಳನ್ನು ಒರೆಸುತ್ತೇನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತೇನೆ. ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ, ವಾಷಿಂಗ್ ಸೋಡಾ ಎಷ್ಟು ಹಾಕಬೇಕೆಂದು ಇನ್ನು ನಾನೇ ಹೇಳಿಕೊಡಬಲ್ಲೆ.

ಬಾಂಬಿನ ಹೊಟ್ಟೆಯಲ್ಲಿ ತೂತಿದೆಯಲ್ಲ, ಅದರ ಕಥೆ ಹೇಳಿರಲಿಲ್ಲ. ನಾನು ಹುಟ್ಟುವ ಮೊದಲು ಅಪ್ಪನ ನೇಗಿಲಿಗೆ ಸಿಕ್ಕ ಬಾಂಬು ಅದು. ಸೇನೆಯವರು ಬಂದು ಮದ್ದು ತೆಗೆದು, ಖಾಲಿಯಿದೆ ಎಂಬುದು ಯಾರಿಗೂ ಕಾಣಲಿ ಎಂದು ತೂತು ಕೊರೆದು ಕೊಟ್ಟರಂತೆ. ಚಿಕ್ಕವಳಿದ್ದಾಗ ಅದರೊಳಗೆ ಹೆಬ್ಬೆರಳು ತೂರಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದೆ. ಅಪ್ಪ, “ಬೆರಳು ತೆಗೀಬೇಡ ಮಗಳೇ, ತೆಗೆದ್ರೆ ಯುದ್ಧ ಹೊರಗೆ ಬಂದ್ಬಿಡುತ್ತೆ” ಎನ್ನುತ್ತಿದ್ದ. ನಾನು ನಂಬಿ, ಊಟಕ್ಕೂ ಏಳುತ್ತಿರಲಿಲ್ಲ. ಅಮ್ಮ ಬೈದ ಮೇಲೆ ಅಪ್ಪ ತಾನು ಬಂದು ತೂತಿನ ಮೇಲೆ ಬೆರಳಿಟ್ಟು, “ಹೋಗು, ಉಂಡು ಬಾ, ಅಷ್ಟರವರೆಗೆ ನಾನು ನೋಡ್ಕೋತೀನಿ” ಎನ್ನುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಮತ್ತೆ ಬೆರಳಿಟ್ಟು ನೋಡಿದೆ. ಈಗ ಹೆಬ್ಬೆರಳು ಹೋಗುವುದಿಲ್ಲ, ಕಿರುಬೆರಳು ಹೋಗುತ್ತದೆ. ಐವತ್ತರ ಹೆಂಗಸು ಹಾಗೆ ಕೂತಿದ್ದನ್ನು ಯಾರೂ ನೋಡಲಿಲ್ಲ, ಪುಣ್ಯ.

ಇದನ್ನೆಲ್ಲ ನಿಮಗೇಕೆ ಬರೆದೆನೋ. ಈಸ್ಟರ್‌ಗೆ ಬರುತ್ತೀರಲ್ಲ? ಮೊಲದ ಸಾರು ಮಾಡುತ್ತೇನೆ, ಒಣದ್ರಾಕ್ಷಿ ಹಾಕಿ.

ಹಿಲ್ಡ

ಹ್ಯಾಲಿಫ್ಯಾಕ್ಸ್, 10 ಫೆಬ್ರವರಿ 1991

ಹಿಲ್ಡ ಅವರೆ,

ನಿಮ್ಮ ಹೆಬ್ಬೆರಳಿನ ಕಥೆಯನ್ನು ಎನಿಡ್ ಅಕ್ಕನಿಗೆ ಓದಿ ಹೇಳಿದೆ. ಆಮೇಲೆ ಬಹಳ ಹೊತ್ತು ಶೆಡ್ಡಿನಲ್ಲಿ ಕೂತಿದ್ದೆ.

ಕೆಲಸ ನಡೆಯುತ್ತಿದೆ. ಮಾಸಲು ಬಿಳಿ ಸರಿಯಾಗಿ ಬಂದಿದೆ. ಯಾವ ಮದ್ದು ತುಂಬಿದ್ದಾರೆಂದು ತಿಳಿಸಲು ಸೊಂಟದ ಸುತ್ತ ಒಂದು ಗುಲಾಬಿ ಪಟ್ಟಿ ಬಳಿಯುತ್ತಿದ್ದರು, ಅದನ್ನೂ ಬಳಿದಿದ್ದೇನೆ. ಕೋಲಿಗೆ ಎಣ್ಣೆ ಸವರಿದ್ದೇನೆ. ಆದರೂ ಇನ್ನೂ ಸ್ವಲ್ಪ ಬಾಕಿಯಿದೆ, ಏನು ಎಂದು ಪತ್ರದಲ್ಲಿ ವಿವರಿಸುವುದು ಕಷ್ಟ.

ಈಸ್ಟರ್‌ಗೆ ಡಿಪೋದಲ್ಲಿ ರಜೆ ಸಿಗುವುದು ಅನುಮಾನ. ಬೇಸಿಗೆಗೆ ನೋಡೋಣವೇ? ನೀವು ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಅಂಚೆಯವನು ನಮ್ಮ ಗೇಟು ತೆಗೆಯುವ ಸದ್ದಾದರೆ ಸಾಕು, ಕೈಯ ಕೆಲಸ ಬಿಟ್ಟು ಏಳುತ್ತೇನೆ. ಹೆಚ್ಚಿನ ಸಲ ಅದು ಕರೆಂಟು ಬಿಲ್ಲಾಗಿರುತ್ತದೆ.

ಡೆನ್ನಿಸ್

ಪಾಸೆಂಡಾಲ, 24 ಫೆಬ್ರವರಿ 1991

ಡೆನ್ನಿಸ್ ಅವರೆ,

ರಜೆ ಸಿಗದಿದ್ದರೆ ಏನು ಮಾಡಲಾದೀತು. ಒಣದ್ರಾಕ್ಷಿ ಕೆಡುವುದಿಲ್ಲ, ಡಬ್ಬಿಗೆ ಹಾಕಿಟ್ಟಿದ್ದೇನೆ. ಮೊಲ ಇನ್ನೂ ಗೂಡಿನಲ್ಲಿದೆ. ನಿಮ್ಮ ಡಿಪೋಗೆ ಅದು ಕೃತಜ್ಞವಾಗಿರಬೇಕು.

ಹಿಲ್ಡ

ಪಾಸೆಂಡಾಲ, 3 ಏಪ್ರಿಲ್ 1991

ಶ್ರೀ ಡೆನ್ನಿಸ್ ಹೋಲ್ರಾಯ್ಡ್ ಅವರಿಗೆ,

ಈಸ್ಟರ್ ಭಾನುವಾರ ನಿಮ್ಮ ಕೂಟದ ಕಾರ್ಯದರ್ಶಿ ಸೆಡ್ರಿಕ್ ತಮ್ಮ ಹೆಂಡತಿಯೊಂದಿಗೆ ಇಲ್ಲಿಗೆ ಬಂದಿದ್ದರು. ನಾನು ಕೇಳದೆಯೇ ಮಾತು ತೆಗೆದರು. “ಡೆನ್ನಿಸ್ ಮಾಡಿರೋ ನಿಮ್ಮ ಬಾಂಬು ನೋಡ್ಬೇಕು ನೀವು. ಜನವರಿ ಸಭೆಗೆ ಫೋಟೋ ತಂದಿದ್ದ, ಎಲ್ಲರೂ ಬಾಯಿ ಬಿಟ್ಕೊಂಡು ನೋಡಿದ್ವಿ. ಅಂಥ ಕೈ ಕೂಟದಲ್ಲೇ ಇಲ್ಲ” ಎಂದರು.

ಜನವರಿಯಲ್ಲಿ. ಫೆಬ್ರವರಿಯಲ್ಲಿ ನೀವು ನನಗೆ ಇನ್ನೂ ಸ್ವಲ್ಪ ಬಾಕಿಯಿದೆ ಎಂದು ಬರೆದಿರಿ.

ಸೆಡ್ರಿಕ್ ಅವರಿಗೆ ಬಿಯರ್ ಕೊಟ್ಟು ನಕ್ಕೆ. ಅವರು ಹೋದ ಮೇಲೆ ಅಡಿಗೆಮನೆಗೆ ಹೋಗಿ ಅತ್ತೆ. ಕಾಮೀಲ್ ಬಾಗಿಲಲ್ಲಿ ನಿಂತು, “ನಾನು ಅವತ್ತೇ ಹೇಳ್ಲಿಲ್ವಾ? ಅವ್ರ ಕಪಾಟಿನಲ್ಲಿ ಕೂತಿರುತ್ತೆ ಈಗ, ಪಕ್ಕದಲ್ಲೊಂದು ದೀಪ ಬೇರೆ” ಎಂದ. ಅವನ ಮೇಲೆ ರೇಗಿದೆ, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನು? ನಿಮ್ಮಂಥವರು ಒಳ್ಳೆಯ ಮಾತನಾಡುತ್ತೀರಿ, ಮುಟ್ಟಲಾ ಎಂದು ಕೇಳುತ್ತೀರಿ, ಆಮೇಲೆ ಒಯ್ದು ಇಟ್ಟುಕೊಳ್ಳುತ್ತೀರಿ. ಉಳಿದವರು ಕೊಂಡೊಯ್ದದ್ದು ಬರೀ ಕಬ್ಬಿಣ. ನಿಮಗೆ ನಾನು ಅಪ್ಪನ ಬೆರಳಿನ ಕಥೆಯನ್ನೂ ಕೊಟ್ಟೆ. ನನಗೆ ನನ್ನ ಮೇಲೇ ನಾಚಿಕೆಯಾಗುತ್ತಿದೆ.

ಅಪ್ಪನ ಬಾಂಬು ವಾಪಸು ಕೊಡಿ. ನೀವೇ ತರಬೇಕೆಂದಿಲ್ಲ, ಯಾರ ಕೈಯಲ್ಲಾದರೂ ಕಳಿಸಿ.

ಹಿಲ್ಡ ಬೂಡ್ರಿ

ಹ್ಯಾಲಿಫ್ಯಾಕ್ಸ್, 12 ಏಪ್ರಿಲ್ 1991

ಹಿಲ್ಡ ಅವರೆ,

ಜನವರಿಯಲ್ಲೇ ಮುಗಿದಿತ್ತು ಎಂಬುದು ನಿಜ. ಸುಳ್ಳು ಬರೆದೆ ಎಂಬುದೂ ನಿಜ. ಆದರೆ ಇಟ್ಟುಕೊಳ್ಳುವ ಯೋಚನೆ ಒಂದು ಕ್ಷಣವೂ ನನಗೆ ಬಂದಿರಲಿಲ್ಲ. ಕಾರಣ ಬೇರೆ ಇದೆ. ಅದನ್ನು ನಿಮ್ಮೆದುರು ಕೂತು ಹೇಳಬೇಕು. ಕೇಳಿದ ಮೇಲೆ ಬೈಯಿರಿ, ಹೊರಗೆ ಹೋಗೆನ್ನಿ, ಏನಾದರೂ ಮಾಡಿ.

ಮೇ 18, ಪೆಂತಕೊಸ್ತ ಹಬ್ಬದ ಮುನ್ನಾದಿನ, ಶನಿವಾರ, ಸಂಜೆಯ ಹಡಗಿಗೆ ಟಿಕೆಟ್ ತೆಗೆಸಿದ್ದೇನೆ. ಬಾಂಬನ್ನು ನಾನೇ ತರುತ್ತೇನೆ. ಬೇರೆ ಯಾರ ಕೈಗೂ ಕೊಡುವುದಿಲ್ಲ.

ಡೆನ್ನಿಸ್

ಪಾಸೆಂಡಾಲ, 29 ಏಪ್ರಿಲ್ 1991

ಡೆನ್ನಿಸ್ ಅವರೆ,

ಓಸ್ಟೆಂಡ್ ಬಂದರಿಗೆ ನಾನೇ ಬರುತ್ತೇನೆ, ಕಾಮೀಲನ ವ್ಯಾನು ತೆಗೆದುಕೊಂಡು. ಬಾಂಬು ಭಾರ, ನೀವು ಅದನ್ನು ಹೊತ್ತು ಬಸ್ಸು ಹತ್ತುವುದು ಬೇಡ. ಅದಕ್ಕಾಗಿ ಬರುತ್ತಿದ್ದೇನೆ, ಬೇರೇನಿಲ್ಲ.

ವ್ಯಾನು ಕೇಳಿದಾಗಿನಿಂದ ಕಾಮೀಲ್, “ಬಾಂಬು ತರೋಕೆ ಹೋಗೋರು ತಲೆ ಕೂದ್ಲು ಸುರುಳಿ ಮಾಡಿಸ್ಕೊಂಡು ಹೋಗ್ತಾರಾ?” ಎಂದು ಕೇಳುತ್ತಿದ್ದಾನೆ. ಇನ್ನೂ ಮಾಡಿಸಿಲ್ಲ. ಪೇಟೆಯಲ್ಲಿ ವಿಚಾರಿಸಿದ್ದೇನೆ ಅಷ್ಟೆ. ಈ ಊರಲ್ಲಿ ಮಾತು ಎಷ್ಟು ಬೇಗ ಹರಡುತ್ತದೆ ನೋಡಿ.

ಕಾರಣ ಏನೇ ಇರಲಿ, ಬನ್ನಿ.

ಹಿಲ್ಡ

ಹ್ಯಾಲಿಫ್ಯಾಕ್ಸ್, 27 ಮೇ 1991

ಹಿಲ್ಡ ಅವರೆ,

ಬಾಂಬು ಇಲ್ಲ. ಹಡಗು ಹತ್ತುವ ಮೊದಲೇ, ನಮ್ಮ ಕಡೆಯ ಬಂದರಿನಲ್ಲಿ ಅದನ್ನು ಚೂರು ಮಾಡಿಬಿಟ್ಟರು. ತಪ್ಪು ಅವರದ್ದಲ್ಲ, ನನ್ನದೇ.

ಮೊದಲಿನಿಂದ ಹೇಳುತ್ತೇನೆ. ಆ ತೂತನ್ನು ನಾನು ಮುಚ್ಚಿದ್ದೆ. ನಮ್ಮ ಕೂಟದವರಿಗೆಲ್ಲ ಇರುವ ಹುಚ್ಚು ಇದು. ಕಬ್ಬಿಣದಲ್ಲಿ ತೂತು ಕಂಡರೆ ಗಾಯ ಕಂಡಂತೆ, ಮುಚ್ಚುವವರೆಗೆ ಸಮಾಧಾನವಿಲ್ಲ. ಎರಕದ ಬಿಲ್ಲೆ ಕೂರಿಸಿ, ಬೆಸುಗೆ ಹಾಕಿ, ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ ಬಣ್ಣ ಬಳಿದೆ. ಎಲ್ಲಿತ್ತೆಂದು ನನಗೇ ಹುಡುಕಲಾಗುತ್ತಿರಲಿಲ್ಲ. ಸೆಡ್ರಿಕ್ ಬಾಯಿ ಬಿಟ್ಟುಕೊಂಡು ನೋಡಿದ್ದು ಅದನ್ನೇ. ನಿಮಗೆ ಕೊಡುವಾಗ ನಿಮ್ಮ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತ ಕೂರುತ್ತಿದ್ದೆ. ಆಗ ನಿಮ್ಮ ಹೆಬ್ಬೆರಳಿನ ಪತ್ರ ಬಂತು.

ಮತ್ತೆ ಕೊರೆದರಾಯಿತು ಎಂದು ಡ್ರಿಲ್ ಹಿಡಿದು ನಿಂತೆ. ಕೈ ಏಳಲಿಲ್ಲ. ನಾನು ಕೊರೆದ ತೂತು ನಿಮ್ಮಪ್ಪ ಬೆರಳಿಟ್ಟ ತೂತಾಗುವುದಿಲ್ಲ. ಹೀಗೆ ದಿನ ದೂಡಿದೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ಬಾಂಬು ತಲುಪಿಸಿಬಿಟ್ಟರೆ ನೀವು ನನಗೆ ಬರೆಯಲು ಕಾರಣವೇ ಇರುವುದಿಲ್ಲ ಎಂದು ಹೆದರಿದ್ದೆ.

ಆ ಶನಿವಾರ ಬೆಳಿಗ್ಗೆಯೇ ನಮ್ಮ ಕಡೆಯ ಬಂದರು ತಲುಪಿದ್ದೆ. ಚೀಲ ತೆರೆಸಿದರು. ಚೀಟಿ ತೋರಿಸಿದೆ. ಅಧಿಕಾರಿ ಓದಿ, “ಹೊಟ್ಟೆಗೆ ತೂತು ಕೊರೆದಿದೆ ಅಂತ ಬರ್ದಿದ್ದಾರೆ. ಎಲ್ರೀ ತೂತು?” ಎಂದ.

“ನಾನೇ ಮುಚ್ಚಿದ್ದೀನಿ ಸ್ವಾಮಿ.”

“ಹಂಗಾದ್ರೆ ಈ ಚೀಟಿ ಇದರದ್ದಲ್ಲ.”

“ಇದರದ್ದೇ. ಕೈಯಾಡಿಸಿ ನೋಡಿ, ಇಲ್ಲೇ ಎಲ್ಲೋ ಇದೆ.”

“ಎಲ್ಲೋ ಇದೆ ಅಂದ್ರೆ? ನಿಮಗೇ ಗೊತ್ತಿಲ್ವಾ?”

ಗೊತ್ತಿರಲಿಲ್ಲ, ಹಿಲ್ಡ. ಅಷ್ಟು ಚೆನ್ನಾಗಿ ಮುಚ್ಚಿದ್ದೆ.

ಎಲ್ಲರನ್ನೂ ಹೊರಗೆ ಕಳಿಸಿದರು. ಮಕ್ಕಳು ಅಳುತ್ತಿದ್ದರು. ಸೇನೆಯ ವ್ಯಾನು ಬಂದು ಬಾಂಬನ್ನು ಹಳೆಯ ಸುಣ್ಣದ ಕಲ್ಲುಗಣಿಗೆ ಒಯ್ದಿತು. ಗಣಿಯ ಗೋಡೆಯ ಆಚೆ ನಿಂತಿದ್ದ ನನಗೆ ಒಂದು ಸದ್ದು ಕೇಳಿಸಿತು. ಅದು ಅವರು ಇಟ್ಟ ಮದ್ದಿನ ಸದ್ದು. ನಿಮ್ಮಪ್ಪನ ಬಾಂಬು ತನ್ನದೆಂದು ಏನೂ ಸದ್ದು ಮಾಡಲಿಲ್ಲ. ಸೇನೆಯ ಹುಡುಗ ಬಂದು ಭುಜದ ಮೇಲೆ ಕೈಯಿಟ್ಟು, “ಖಾಲಿನೇ ಇತ್ತು ಯಜಮಾನ್ರೇ. ಆದ್ರೆ ನೋಡಿದ್ರೆ ಹೇಗೆ ಗೊತ್ತಾಗಬೇಕು?” ಎಂದ.

ಹೆಸರು ವಿಳಾಸ ಬರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಬಿಟ್ಟರು. ನಿಮಗೆ ಫೋನ್ ಮಾಡಿದೆ, ಬಡಿದುಕೊಳ್ಳುತ್ತಲೇ ಇತ್ತು. ಆಗಲೇ ಹೊರಟಿದ್ದಿರೇನೋ. ನಿಮ್ಮಪ್ಪನ ಬಾಂಬನ್ನು ಚೂರು ಮಾಡಿಸಿ ಯಾವ ಮುಖ ಹೊತ್ತು ನಿಮ್ಮೆದುರು ನಿಲ್ಲಲಿ ಎಂದು ರೈಲು ಹತ್ತಿ ಮನೆಗೆ ಬಂದೆ. ಇಷ್ಟು ದಿನ ಇದನ್ನು ಬರೆಯಲೂ ಆಗಲಿಲ್ಲ. ನೀವು ಉತ್ತರಿಸದಿದ್ದರೂ ನನಗೆ ಅರ್ಥವಾಗುತ್ತದೆ.

ಡೆನ್ನಿಸ್

ಪಾಸೆಂಡಾಲ, 24 ಜೂನ್ 1991

ಡೆನ್ನಿಸ್,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬೈದು ಬರೆದು ಹರಿದೆ, ಸಮಾಧಾನ ಹೇಳಿ ಬರೆದು ಅದನ್ನೂ ಹರಿದೆ. ಇನ್ನು ನೀವು ಗೀವು ಎಂದು ಬರೆಯುವ ತಾಳ್ಮೆ ನನಗಿಲ್ಲ.

ಬಾಂಬಿಗಾಗಿ ಅತ್ತೆ. ಒಂದು ಸಂಜೆ ಪೂರ್ತಿ ಅತ್ತೆ. ಕಾಮೀಲನಿಗೆ ಹೇಳಿದಾಗ ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಆಮೇಲೆ, “ಎಪ್ಪತ್ತು ವರ್ಷ ತಡವಾಗಿ ಆದ್ರೂ ಇಂಗ್ಲಿಷಿನೋರು ಅದನ್ನ ಸಿಡಿಸೇಬಿಟ್ರು ನೋಡು” ಎಂದ. ಇಬ್ಬರಿಗೂ ನಗು ಬಂತು. ಅಪ್ಪನೂ ನಗುತ್ತಿದ್ದ ಎಂದೇ ನನಗನ್ನಿಸುತ್ತದೆ. ತೂತು ಮುಚ್ಚಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಚೆಂದ ಕಾಣಲಿ ಎಂದು ಇಷ್ಟೊಂದು ಕಷ್ಟಪಟ್ಟವರು ಈ ಐವತ್ತು ವರ್ಷದಲ್ಲಿ ಬೇರೆ ಯಾರೂ ಇಲ್ಲ.

ನನಗೆ ಸಿಟ್ಟಿರುವುದು ಬೇರೆಯದಕ್ಕೆ. ನಿನ್ನನ್ನು ಮಧ್ಯಾಹ್ನ ಬಿಟ್ಟರು ಎಂದು ನೀನೇ ಬರೆದಿದ್ದೀಯ. ಹಡಗು ಇದ್ದದ್ದು ಸಂಜೆಗೆ. ಅವರು ಬಾಂಬು ಕಸಿದುಕೊಂಡರು, ಟಿಕೆಟ್ ನಿನ್ನ ಜೇಬಿನಲ್ಲೇ ಇತ್ತು. ಅಲ್ಲಿಯವರೆಗೆ ಬಂದವನು ಯಾಕೆ ಹಿಂದಕ್ಕೆ ಹೋದೆ?

ನಾನು ಓಸ್ಟೆಂಡ್ ಬಂದರಿನ ಕಂಬಿ ಹಿಡಿದು ನಿಂತಿದ್ದೆ. ಕೂದಲು ಸುರುಳಿ ಮಾಡಿಸಿಕೊಂಡಿದ್ದೆ, ಸಮುದ್ರದ ಗಾಳಿಗೆ ಅದೆಲ್ಲ ಕೆದರಿಹೋಗಿತ್ತು. ಹಡಗು ಬಂತು. ಸಂಸಾರಗಳು ಇಳಿದವು, ಸೈಕಲ್ಲಿನವರು ಇಳಿದರು, ಕೊನೆಗೆ ಹಡಗಿನ ಅಡಿಗೆಯವರೂ ಇಳಿದರು. ಬಾಂಬು ಭಾರ, ಅದಕ್ಕೇ ತಡ ಎಂದು ಕಾದೆ. ನೆಲ ತೊಳೆಯುವವನು ಬಂದು, “ಇನ್ಯಾರೂ ಇಲ್ಲಮ್ಮ ಒಳಗೆ” ಎಂದ. ಅಲ್ಲಿ ನಿಂತಾಗ ಬಾಂಬಿನ ನೆನಪು ನನಗೆ ಒಂದು ಸಲವೂ ಬರಲಿಲ್ಲ. ನೀನು ಮನಸ್ಸು ಬದಲಾಯಿಸಿದೆ ಎಂದುಕೊಂಡೆ, ಅದೊಂದೇ ಯೋಚನೆ.

ಇನ್ನೊಂದು ವಿಷಯ ಹೇಳಬೇಕು, ಹೇಳಲು ಸಂಕೋಚವಾಗುತ್ತದೆ. ಆಮೇಲೂ ಪ್ರತಿ ಶನಿವಾರ ಓಸ್ಟೆಂಡಿಗೆ ಹೋಗುತ್ತಿದ್ದೇನೆ. ನಿನ್ನ ಪತ್ರ ಬರುವ ಮೊದಲೂ ಹೋದೆ, ಬಂದ ಮೇಲೂ ಹೋದೆ. ಸಂಜೆಯ ಹಡಗಿನವರೆಲ್ಲ ಇಳಿಯುವುದನ್ನು ನೋಡಿ ವಾಪಸು ಬರುತ್ತೇನೆ. ವ್ಯಾನು ಕೇಳಲು ಏನಾದರೂ ನೆಪ ಬೇಕಲ್ಲ, ಬಂದರಿನಲ್ಲಿ ಮೀನು ತಾಜಾ ಸಿಗುತ್ತದೆ ಎಂದು ಹೇಳಿದ್ದೇನೆ. ಹಾಗೆ ಹೇಳಿದ್ದಕ್ಕೆ ತರಲೇಬೇಕು, ತರುತ್ತೇನೆ. ಮೊನ್ನೆ ಕಾಮೀಲ್ ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, “ಇಷ್ಟೊಂದು ಮೀನು ತಿನ್ನೋರು ಯಾರವ್ವ ಇಲ್ಲಿ?” ಎಂದು ಕೇಳಿದ.

ನನಗೆ ಮೀನು ಸೇರುವುದಿಲ್ಲ, ಡೆನ್ನಿಸ್.

ಹಿಲ್ಡ